ಉದ್ಗಾರಗಳ ಕುಲಗೋತ್ರ

ಇಂಗ್ಲಿಷ್ ವ್ಯಾಕರಣವನ್ನು ಓದಿದ ಯಾವ ವಿದ್ಯಾರ್ಥಿಯನ್ನು ಬೇಕಾದರೂ ಕೇಳಿ ನೋಡಿರಿ: ಪಂದ್ಯದಲ್ಲಿ ಗೆದ್ದರೆ ಏನೆಂದು ಕೂಗಬೇಕು? 'ಹುರ್ರಾ!' ಎಂದು ತಟ್ಟನೆ ಉತ್ತರ ಬರುತ್ತದೆ. ಆಪ್ತರು ತೀರಿಕೊಂಡರೆ? 'ಅಲಾಸ್!' ಈ ಎರಡು ಉತ್ತರಗಳಿಗೂ ಪರೀಕ್ಷೆಯಲ್ಲಿ ಪೂರ್ಣ ಅಂಕಗಳು ದೊರೆಯುತ್ತವೆ. ಆದರೆ ಅದೇ ವಿದ್ಯಾರ್ಥಿ ಸಂಜೆ ಮೈದಾನದಲ್ಲಿ ನಿಜವಾಗಿಯೂ ಗೆದ್ದಾಗ 'ಹುರ್ರಾ' ಎನ್ನುವುದಿಲ್ಲ. ಅವನು ಹಾಗೆನ್ನದಿರುವುದರಲ್ಲಿ ಆಶ್ಚರ್ಯವಿಲ್ಲ; ಇಂಗ್ಲೆಂಡಿನ ಹುಡುಗನೂ ಇಂದು ಸಾಮಾನ್ಯವಾಗಿ ಹಾಗೆನ್ನುವುದಿಲ್ಲವೆಂಬುದೇ ಸ್ವಾರಸ್ಯ. 'ಅಲಾಸ್' ಎಂದು ಅಳುವ ಮನೆಗಳಂತೂ ಆ ದೇಶದಲ್ಲಿ ಉಳಿದಿಲ್ಲ. ಅದನ್ನು ಈಗ ಬಳಸುವವರು ಬಹುಮಟ್ಟಿಗೆ ನಗೆಗಾಗಿ ಬಳಸುತ್ತಾರೆ. ದಾದರ್ ನಿಲ್ದಾಣದಲ್ಲಿ ಗಾಡಿ ತಪ್ಪಿದವನೊಬ್ಬನು 'ಅಕಟಕಟಾ!' ಎಂದು ಎದೆ ಬಡಿದುಕೊಂಡರೆ ಪಕ್ಕದಲ್ಲಿ ನಿಂತ ಕನ್ನಡಿಗನಿಗೆ ಏನೆನಿಸೀತೋ, ಸಾವಿನ ಮನೆಯಲ್ಲಿ 'ಅಲಾಸ್' ಎಂದವನನ್ನು ಕಂಡ ಇಂಗ್ಲಿಷನಿಗೂ ಅದೇ ಅನಿಸುತ್ತದೆ.

ವ್ಯಾಕರಣಕಾರರಿಗೆ ಉದ್ಗಾರಗಳೆಂದರೆ ಮೊದಲಿನಿಂದಲೂ ತುಸು ಅಸಡ್ಡೆ. ಕನ್ನಡದಲ್ಲಿ ನಾವು ಅವನ್ನು ಭಾವಸೂಚಕಾವ್ಯಯಗಳೆಂದು ಕರೆದು ಅವ್ಯಯಗಳ ಪಂಕ್ತಿಯ ಕೊನೆಗೆ ಕೂರಿಸಿದ್ದೇವೆ. ಇಂಗ್ಲಿಷರ 'ಇಂಟರ್‌ಜೆಕ್ಷನ್' ಎಂಬ ಹೆಸರು ಲ್ಯಾಟಿನ್ನಿನದು. 'ನಡುವೆ ಎಸೆದದ್ದು' ಎಂದು ಅದರ ಅರ್ಥ. ಗ್ರೀಕರು ಉದ್ಗಾರಗಳನ್ನು ಕ್ರಿಯಾವಿಶೇಷಣಗಳೊಳಗೆ ಸೇರಿಸಿ ಸುಮ್ಮನಾಗಿದ್ದರು. ಗ್ರೀಕ್ ವ್ಯಾಕರಣದಲ್ಲಿ ಪದಜಾತಿಗಳು ಎಂಟು. ಅವುಗಳಲ್ಲಿ ಒಂದಾದ ಆರ್ಟಿಕಲ್ ಲ್ಯಾಟಿನ್ನಿನಲ್ಲಿ ಇಲ್ಲ. ರೋಮನ್ ಪಂಡಿತರು ಉದ್ಗಾರವನ್ನು ಪ್ರತ್ಯೇಕ ಜಾತಿಯಾಗಿ ಎಣಿಸಿದರು. ಎಂಟರ ಲೆಕ್ಕ ಮುರಿಯಲಿಲ್ಲ. ಹೀಗೆ ಖಾಲಿ ಕುರ್ಚಿಗೆ ಬಂದು ಕುಳಿತ ಅತಿಥಿ ಇಂದಿಗೂ ನಮ್ಮ ಶಾಲೆಯ ಪಠ್ಯಗಳಲ್ಲಿ ಎಂಟನೆಯ ಸ್ಥಾನದಲ್ಲಿಯೇ ಇದ್ದಾನೆ. ಪಾಠದ ಕೊನೆಯಲ್ಲಿ ಎರಡು ಸಾಲು, ನಾಲ್ಕು ಉದಾಹರಣೆ, ಅಲ್ಲಿಗೆ ಮುಗಿಯಿತು. ಹರ್ಷಕ್ಕೆ ಇದು, ದುಃಖಕ್ಕೆ ಅದು, ಆಶ್ಚರ್ಯಕ್ಕೆ ಮತ್ತೊಂದು ಎಂದು ಔಷಧದ ಅಂಗಡಿಯ ಚೀಟಿಗಳಂತೆ ಅಂಟಿಸಿಡುವ ಈ ಪದ್ಧತಿಯಲ್ಲಿ ನಮಗೆ ನಂಬಿಕೆಯಿಲ್ಲ. 'ಓ' ಎಂಬ ಒಂದೇ ಧ್ವನಿಯಲ್ಲಿ ಹರ್ಷ, ನಿರಾಶೆ, ತಿಳಿವು, ಕೊಂಕು ಎಲ್ಲವೂ ಅಡಗಿರಬಲ್ಲವು. ಅರ್ಥವಿರುವುದು ದನಿಯ ಏರಿಳಿತದಲ್ಲಿ ಮತ್ತು ಸಂದರ್ಭದಲ್ಲಿ, ಪಟ್ಟಿಯಲ್ಲಿ ಅಲ್ಲ.

ಪಟ್ಟಿಯು ಕೊಡದ ಇನ್ನೊಂದು ಸಂಗತಿಯೆಂದರೆ ಈ ಮಾತುಗಳ ಕುಲಗೋತ್ರ. ನೋವು ನಲಿವುಗಳ ಭರದಲ್ಲಿ ಬಾಯಿಂದ ತಾನಾಗಿ ಸಿಡಿಯುವ ಧ್ವನಿಗೆ ಚರಿತ್ರೆ ಎಲ್ಲಿಯದು ಎಂದು ತೋರಬಹುದು. ಇದೆ, ಮತ್ತು ಧಾರಾಳವಾಗಿ ಇದೆ. 'ಅಲಾಸ್' ಎಂಬುದನ್ನೇ ತೆಗೆದುಕೊಳ್ಳಿರಿ. ಅದು ಹಳೆಯ ಫ್ರೆಂಚಿನ 'ಅ ಲಾಸ್'. ಅದರ ಹಿಂದೆ ಲ್ಯಾಟಿನ್ನಿನ 'ಲಾಸ್ಸುಸ್' ಇದೆ. 'ದಣಿದವನು' ಎಂದು ಅದರ ಅರ್ಥ. 'ಅಯ್ಯೋ, ಸೋತುಹೋದೆನಲ್ಲಾ' ಎಂಬ ನಿಟ್ಟುಸಿರು ಸವೆದು ಸವೆದು ಎರಡಕ್ಷರವಾಗಿದೆ. ಬೀಳ್ಕೊಡುವಾಗ ನಮ್ಮ ಮಕ್ಕಳು ಕೈಬೀಸಿ ಅನ್ನುವ 'ಗುಡ್‌ಬೈ'ಯಲ್ಲಿ 'ಗುಡ್' ಮೂಲತಃ ಇರಲೇ ಇಲ್ಲ. 'ದೇವರು ನಿಮ್ಮೊಡನಿರಲಿ' ಎಂಬ ನಾಲ್ಕು ಪದಗಳ ಹರಕೆ ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಾಯಿಂದ ಬಾಯಿಗೆ ಉರುಳಿ ಕುಗ್ಗಿತು. ಕುಗ್ಗಿದ ಮೇಲೆ 'ಗುಡ್ ಡೇ', 'ಗುಡ್ ಈವನಿಂಗ್'ಗಳ ಸಹವಾಸದಿಂದ ದೇವರ ಸ್ಥಾನದಲ್ಲಿ 'ಗುಡ್' ಬಂದು ಕುಳಿತಿತು. ದಿನಕ್ಕೆ ಹತ್ತು ಸಲ ಹೊರಡುವವರಿಗೆ ಹರಸುತ್ತಿದ್ದೇವೆಂಬುದು ಹರಸುವವರಿಗೇ ತಿಳಿಯದು!

'ಹಲೋ' ಇನ್ನೂ ಎಳೆಯದು. ಟೆಲಿಫೋನು ಬರುವ ಮುಂಚೆ ಅದು ದೂರದವರನ್ನು ಕೂಗಲು, ಇಲ್ಲವೆ ಅಚ್ಚರಿಯನ್ನು ತೋರಿಸಲು ಬಳಸುತ್ತಿದ್ದ, 'ಹಾಲೋ', 'ಹೊಲ್ಲಾ' ಮುಂತಾದ ಕೂಗುಗಳ ತಮ್ಮನಾಗಿತ್ತು. ಸಭ್ಯರ ಭೇಟಿಯಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಟೆಲಿಫೋನಿಗೆ ಪೇಟೆಂಟು ಪಡೆದಾಗ, ತಂತಿಯ ಆ ತುದಿಯಲ್ಲಿರುವ ಕಾಣದ ಮನುಷ್ಯನನ್ನು ಹೇಗೆ ಮಾತಿಗೆಳೆಯಬೇಕೆಂಬುದೇ ಒಂದು ಸಮಸ್ಯೆಯಾಯಿತು. ಬೆಲ್ಲನಿಗೆ ನಾವಿಕರ 'ಅಹಾಯ್' ಎಂಬ ಕೂಗು ಪ್ರಿಯವಾಗಿತ್ತು. ಥಾಮಸ್ ಎಡಿಸನ್ನನು 1877ರ ಆಗಸ್ಟಿನಲ್ಲಿ ಪಿಟ್ಸ್‌ಬರ್ಗಿನ ಪರಿಚಿತರೊಬ್ಬರಿಗೆ ಪತ್ರ ಬರೆದು, ಕರೆಗಂಟೆಯ ಅಗತ್ಯವೇ ಇಲ್ಲ, 'ಹಲೋ' ಎಂದರೆ 10-20 ಅಡಿಗಳಾಚೆಗೂ ಕೇಳುತ್ತದೆ ಎಂದು ಸೂಚಿಸಿದನು. ಯಂತ್ರ ಬೆಲ್ಲನದು, ಮಾತು ಎಡಿಸನ್ನನದು. ಅಂದು ಬೆಲ್ಲನ ಮಾತು ಗೆದ್ದಿದ್ದರೆ ಇಂದು ಮಾಟುಂಗದ ಅಜ್ಜಿಯರು ಧಾರವಾಡದ ಮಗಳಿಗೆ ಫೋನು ಮಾಡಿ 'ಅಹಾಯ್, ಊಟ ಆತೇನವಾ?' ಎನ್ನಬೇಕಾಗುತ್ತಿತ್ತು.

ಇಷ್ಟು ವಿನೋದಕ್ಕಾಯಿತು. ಇಂಗ್ಲಿಷ್ ಉದ್ಗಾರಗಳಲ್ಲಿ ನಿಜವಾಗಿ ಚಿಂತನೆಗೆ ಯೋಗ್ಯವಾದ ಒಂದು ದೊಡ್ಡ ಕುಟುಂಬವುಂಟು. ಅದು ದೇವರ ಹೆಸರನ್ನು ಹೇಳಿಯೂ ಹೇಳದಿರುವ ಕುಟುಂಬ.

ಕ್ರೈಸ್ತರ ದಶಾಜ್ಞೆಗಳು ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿವೆ. ದೇವರ ನಾಮವನ್ನು ಅಯೋಗ್ಯ ಕಾರ್ಯಕ್ಕೆ ಎತ್ತಕೂಡದೆಂಬುದು ಅವುಗಳಲ್ಲೊಂದು. ಆದರೆ ಕಾಲಿಗೆ ಕಲ್ಲು ತಾಗಿದಾಗ, ಕೈಲಿದ್ದ ಗಡಿಗೆ ಒಡೆದಾಗ ಮನುಷ್ಯನ ಬಾಯಿಗೆ ಮೊದಲು ಬರುವುದು ಆ ಹೆಸರೇ. ಶಾಸ್ತ್ರಕ್ಕೂ ನಾಲಗೆಗೂ ನಡೆದ ಈ ಜಗ್ಗಾಟದಲ್ಲಿ ಇಂಗ್ಲಿಷ್ ನಾಲಗೆ ಒಂದು ಉಪಾಯ ಹೂಡಿತು: ಹೆಸರನ್ನು ಆರಂಭಿಸುವುದು, ಮಧ್ಯದಲ್ಲಿ ಹಾದಿ ತಪ್ಪಿಸುವುದು. 'ಗಾಡ್' ಎನ್ನಲು ಹೊರಟು 'ಗಾಷ್' ಎಂದು ನಿಲ್ಲಿಸಿದರು; 'ಗಾಲಿ' ಎಂದರು; 'ಗುಡ್‌ನೆಸ್' ಎಂದರು. 'ಜೀಸಸ್' ಎಂಬುದು 'ಜೀ' ಎಂದಾಯಿತು. ಕೆಲವರು ದೇವರ ಬದಲು ಆತನ ಮನೆಯನ್ನು ಕರೆದು 'ಗುಡ್ ಹೆವನ್ಸ್' ಎಂದರು. ಇನ್ನು ಕೆಲವರು ತಮ್ಮ ದೇವರನ್ನು ಬಿಟ್ಟು ರೋಮನರ ಜುಪಿಟರನ ಮೇಲೆ ಆಣೆಯಿಟ್ಟು 'ಬೈ ಜೋವ್' ಎಂದರು; ಪೂಜೆ ನಿಂತುಹೋದ ದೇವತೆಯ ಹೆಸರೆತ್ತಿದರೆ ಪಾಪವೂ ಇಲ್ಲ, ಕೇಳುವವರೂ ಇಲ್ಲ. ಆದುದರಿಂದ 'ಓ ಮೈ ಗಾಷ್' ಎನ್ನುವ ನಮ್ಮ ಹುಡುಗಿಯರು ತಿಳಿಯಬೇಕಾದದ್ದಿಷ್ಟು: ಅದು ಹೊಸಗಾಲದ ಅಲಂಕಾರವಲ್ಲ, ಹದಿನೆಂಟನೆಯ ಶತಮಾನದ ಭಕ್ತಿಭಯದ ಕುರುಹು. ಇಂದು ಮೊಬೈಲುಗಳಲ್ಲಿ ಎಲ್ಲರೂ ಒತ್ತುವ 'ಓಎಂಜಿ' ಎಂಬ ಮೂರಕ್ಷರವೂ ಮಕ್ಕಳ ಸೃಷ್ಟಿಯಲ್ಲ. ಎಪ್ಪತ್ತಾರು ವರ್ಷ ವಯಸ್ಸಿನ ಬ್ರಿಟಿಷ್ ನೌಕಾಪತಿ ಲಾರ್ಡ್ ಫಿಷರನು 1917ರಲ್ಲಿ ವಿನ್‌ಸ್ಟನ್ ಚರ್ಚಿಲರಿಗೆ ಬರೆದ ಪತ್ರದಲ್ಲಿ ಅದು ಆಗಲೇ ಇದೆ.

ಈ ಜಗ್ಗಾಟಕ್ಕೆ ಕಾನೂನೂ ಕೈಹಾಕಿತು. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಶಾಸನ ಮಾಡಿ, ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಎತ್ತಿದವರಿಗೆ ತಲಾ 10 ಪೌಂಡು ದಂಡ ವಿಧಿಸಿತು. ಆ ಕಾಲದಲ್ಲಿ ಅದು ನಟನೊಬ್ಬನನ್ನು ಬೀದಿಪಾಲು ಮಾಡಬಲ್ಲ ಮೊತ್ತ. ಷೇಕ್ಸ್‌ಪಿಯರನ ಪಾತ್ರಗಳು 'ಜೌಂಡ್ಸ್' ಎಂದು ಕೂಗುತ್ತಿದ್ದವು. 'ದೇವರ ಗಾಯಗಳ ಮೇಲಾಣೆ' ಎಂಬುದರ ಮುದ್ದೆ ಅದು. 'ಸ್ಬ್ಲಡ್' ಎಂಬುದು ದೇವರ ರಕ್ತದ ಮೇಲಣ ಆಣೆ. ಶಿಲುಬೆಯ ಮೇಲಿನ ಕ್ರಿಸ್ತನ ಗಾಯ, ರಕ್ತ ಎಲ್ಲವೂ ಹೀಗೆ ಬೀದಿಜಗಳದ ಮಾತಾಗಿದ್ದವು. 1622ರಲ್ಲಿ ಅಚ್ಚಾದ 'ಒಥೆಲೋ' ನಾಟಕದ ಪ್ರತಿಯಲ್ಲಿ ಈ ಆಣೆಗಳಿವೆ. ಮರುವರ್ಷ 1623ರಲ್ಲಿ ಹೊರಬಂದ ದೊಡ್ಡ ಸಂಪುಟದಲ್ಲಿ ಅವನ್ನು ತೆಗೆದುಹಾಕಲಾಗಿದೆ. ಕೆಡುಕನಾದ ಇಯಾಗೋ ಒಂದೇ ವರ್ಷದಲ್ಲಿ ನಾಲಗೆ ತೊಳೆದುಕೊಂಡು ಬಂದಂತಾಯಿತು! ಅವನ ಕೆಡುಕುತನಕ್ಕೆ ಇದರಿಂದ ಏನೂ ಊನವಾಗಲಿಲ್ಲ. ಉದ್ಗಾರವನ್ನು ಕತ್ತರಿಸಿದರೆ ಭಾವ ಕಡಿಮೆಯಾಗುತ್ತದೆಂದು ನಂಬಿದ ಕಾನೂನುಗಳಿಗೆಲ್ಲ ಇದೇ ಗತಿ.

ಈಗ ನಮ್ಮ ಕಡೆಗೆ ತಿರುಗಿ ನೋಡೋಣ. 'ರಾಮ ರಾಮಾ', 'ಶಿವ ಶಿವಾ', 'ಕೃಷ್ಣ ಕೃಷ್ಣಾ' ಎಂದು ನಮ್ಮ ಹಿರಿಯರು ಬೆಳಗಿನಿಂದ ರಾತ್ರಿಯವರೆಗೆ ಅನ್ನುತ್ತಲೇ ಇರುತ್ತಾರೆ. ಹಾಲು ಉಕ್ಕಿದರೂ ರಾಮ, ಬೆಲೆ ಏರಿದರೂ ರಾಮ. ಇದಕ್ಕೆ ದಂಡವಿಲ್ಲ, ಬದಲಿಗೆ ಪುಣ್ಯವುಂಟೆಂದು ನಂಬಿಕೆ. ಭಾಗವತದ ಆರನೆಯ ಸ್ಕಂಧದ ಅಜಾಮಿಳನ ಕಥೆ ಎಲ್ಲರಿಗೂ ತಿಳಿದದ್ದೇ. ಧರ್ಮಭ್ರಷ್ಟನಾಗಿ ಬಾಳಿದವನು ಸಾಯುವ ಗಳಿಗೆಯಲ್ಲಿ ಭಯದಿಂದ ತನ್ನ ಕಿರಿಯ ಮಗನನ್ನು 'ನಾರಾಯಣಾ' ಎಂದು ಕೂಗಿದನು. ಕೂಗಿದ್ದು ಮಗನನ್ನಾದರೂ ಬಂದದ್ದು ವಿಷ್ಣುದೂತರು. ಅಲ್ಲಿ ಅರಿವಿಲ್ಲದೆ ನುಡಿದ ನಾಮ ಪಾಪ. ಇಲ್ಲಿ ಅರಿವಿಲ್ಲದೆ ನುಡಿದ ನಾಮವೂ ತಾರಕ. ಆದುದರಿಂದಲೇ ನಮ್ಮಲ್ಲಿ ರಾಮನ ಹೆಸರನ್ನು ಅರ್ಧಕ್ಕೆ ಮುರಿದು ಮರೆಮಾಚಬೇಕಾದ ಪ್ರಸಂಗ ಬರಲಿಲ್ಲ. ಎರಡು ಜನಾಂಗಗಳ ಧರ್ಮಭಾವನೆಯ ಅಂತರವನ್ನು ದೊಡ್ಡ ಗ್ರಂಥಗಳಲ್ಲಿ ಹುಡುಕುವವರು ಈ ಸಣ್ಣ ಮಾತುಗಳನ್ನು ಕಡೆಗಣಿಸಬಾರದೆಂದು ನಮ್ಮ ಅಭಿಪ್ರಾಯ.

ಇನ್ನೊಂದು ಭೇದವನ್ನೂ ಗಮನಿಸಬಹುದು. ನೊಂದಾಗ ಕನ್ನಡಿಗನು ದೇವರಿಗಿಂತ ಮೊದಲು ಹೆತ್ತವರನ್ನು ಕರೆಯುತ್ತಾನೆ. 'ಅಮ್ಮಾ', 'ಅಪ್ಪಾ', ಬಡಗಣ ಕರ್ನಾಟಕದ 'ಯವ್ವಾ', 'ಯಪ್ಪಾ'. 'ಅಬ್ಬಾ' ಎಂಬಲ್ಲಿಯೂ ತಾಯಿಯ ಹಳೆಯ ಹೆಸರಾದ 'ಅಬ್ಬೆ'ಯ ನೆರಳು ಇದ್ದಂತೆ ತೋರುತ್ತದೆ. 'ಅಯ್ಯೋ' ಎಂಬಲ್ಲಿ ತಂದೆಯೆಂಬ ಅರ್ಥದ 'ಅಯ್ಯ' ಕೇಳಿಸುತ್ತದೆ. ಮುಂಬಯಿಯ ಬೀದಿಯ 'ಬಾಪ್ ರೇ' ಕೂಡ ತಂದೆಯ ಮೊರೆಯೇ. ಈ 'ಬಾಪ್ ರೇ' ನಮ್ಮ ದೇಶದಲ್ಲಿದ್ದ ಇಂಗ್ಲಿಷರ ಕಿವಿಗೆ ಬಿದ್ದು 'ಬಾಬರಿ' ಎಂಬ ರೂಪ ತಾಳಿ, ಗದ್ದಲ, ರಂಪ ಎಂಬ ಅರ್ಥದಲ್ಲಿ ಅವರ ಮಾತಿನೊಳಗೆ ಸೇರಿತೆಂದು 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಕೋಶವು ವಿವರಿಸುತ್ತದೆ. ಆ ಕೋಶದಲ್ಲಿ ನಮ್ಮ 'ಶಹಬ್ಬಾಸ್' ಸಹ ಇದೆ. ಅದರ ಕರ್ತೃಗಳು ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು. ಬರ್ನೆಲ್ಲರು ಕನ್ನಡ ನಾಡಿಗೆ ಅಪರಿಚಿತರಲ್ಲ. ದಕ್ಷಿಣ ಭಾರತದ ಲಿಪಿಗಳನ್ನು ಕುರಿತ ಅವರ ಗ್ರಂಥವು 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಕೋಶದ ಹೆಸರು ಮಾತ್ರ ನಮಗೆ ಅಷ್ಟಾಗಿ ರುಚಿಸದು. ಮೊಹರಮ್ಮಿನಲ್ಲಿ ಎದೆ ಬಡಿದುಕೊಂಡು 'ಯಾ ಹಸನ್! ಯಾ ಹುಸೇನ್!' ಎಂದು ಶೋಕಿಸುವವರ ಕೂಗನ್ನು ಗೋರಾ ಸಿಪಾಯಿಗಳು 'ಹಾಬ್ಸನ್-ಜಾಬ್ಸನ್' ಎಂದು ಅಣಕವಾಗಿ ಕೇಳಿಸಿಕೊಂಡರು. ಅದೇ ವಿದ್ವತ್ ಗ್ರಂಥದ ಶಿರೋನಾಮೆಯಾಯಿತು. ಗ್ರಂಥ ಅಮೂಲ್ಯವಾದದ್ದೆಂಬುದು ಬೇರೆ ಮಾತು.

'ಶಹಬ್ಬಾಸ್' ಎಂದೆವಷ್ಟೆ. ಅದೂ ಕನ್ನಡದ ಸ್ವಂತ ಆಸ್ತಿಯಲ್ಲ. 'ಸಂತೋಷವಾಗಿರು' ಎಂಬ ಪಾರ್ಸಿ ಹರಕೆ ನಮ್ಮೂರಿಗೆ ಬಂದು ಬೆನ್ನು ತಟ್ಟುವ ಮಾತಾಗಿದೆ. ಉದ್ಗಾರಗಳಿಗೆ ಗಡಿ ತಡೆಯಿಲ್ಲ. ನಾಟಕಶಾಲೆಗಳ ಕಥೆ ಇದಕ್ಕಿಂತ ಸೊಗಸಾದದ್ದು. ಹಾಡು ಮೆಚ್ಚಿದ ಇಂಗ್ಲಿಷ್ ಪ್ರೇಕ್ಷಕರು 'ಆನ್‌ಕೋರ್' ಎಂದು ಫ್ರೆಂಚಿನಲ್ಲಿ ಕೂಗುತ್ತಾರೆ. ಫ್ರೆಂಚರು ಅಂತಹ ಸಂದರ್ಭದಲ್ಲಿ 'ಬಿಸ್' ಎಂದು ಲ್ಯಾಟಿನ್ನಿನಲ್ಲಿ ಕೂಗುತ್ತಾರೆ. ನಮ್ಮ ಕಂಪನಿ ನಾಟಕಗಳ ಕಾಲದಲ್ಲಿ ಕನ್ನಡಿಗರೂ ಮರಾಠಿಗರೂ 'ವನ್ಸ್ ಮೋರ್' ಎಂದು ಇಂಗ್ಲಿಷಿನಲ್ಲಿ ಕೂಗಿ ತಾರಸ್ವರದ ನಾಟ್ಯಗೀತೆಗಳನ್ನು ಮತ್ತೆ ಮತ್ತೆ ಹಾಡಿಸಿದರು. ತಮ್ಮ ಮಾತಿನಲ್ಲಿ ಕೇಳಿದರೆ ಎಲ್ಲಿ ಹಾಡುವುದಿಲ್ಲವೋ ಎಂಬ ಶಂಕೆ ಎಲ್ಲರಿಗೂ!

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸದ್ದು ಒಂದೇ ಆದುದರಿಂದ ಕುಲವೂ ಒಂದೇ ಎಂದು ತಿಳಿಯಬಾರದು. ಹಿಂದೂಸ್ತಾನಿ ಸಂಗೀತದ ಬೈಠಕ್ಕಿನಲ್ಲಿ ಕೇಳುವ 'ವಾಹ್' ಪಾರ್ಸಿಯಿಂದ ಬಂದದ್ದು. ಇಂದಿನ ಮಕ್ಕಳ 'ವಾವ್' ಸ್ಕಾಟ್ಲೆಂಡಿನದು, 1513ರಲ್ಲಿ ಗೇವಿನ್ ಡಗ್ಲಸನು ಮುಗಿಸಿದ ವರ್ಜಿಲನ ಅನುವಾದದಲ್ಲಿಯೇ ಕಾಣಿಸುತ್ತದೆ. ಎರಡಕ್ಕೂ ನಂಟಿಲ್ಲ. 'ಡಿಯರ್ ಮೀ' ಎಂಬುದು ಇಟಲಿಯ 'ದಿಯೋ ಮಿಯೋ'ದಿಂದ ಬಂತೆಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ, ಅದಕ್ಕೆ ಆಧಾರವಿಲ್ಲ. 'ಓಕೆ' ಎಂಬುದಕ್ಕಂತೂ ಕಟ್ಟುಕಥೆಗಳ ಸಂತೆಯೇ ನೆರೆದಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು ಹಳೆಯ ವೃತ್ತಪತ್ರಿಕೆಗಳನ್ನು ಜಾಲಾಡಿ, 1963-64ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಗಂಟನ್ನು ಬಿಡಿಸಿದರು. 'ಆಲ್ ಕರೆಕ್ಟ್' ಎಂಬುದನ್ನು ಬೇಕೆಂದೇ ತಪ್ಪು ಅಕ್ಷರಗಳಿಂದ ಬರೆದು ಅದರ ಮೊದಲಕ್ಷರಗಳನ್ನು ತೆಗೆದ ಪತ್ರಿಕಾ ಹಾಸ್ಯ ಅದು. 23 ಮಾರ್ಚ್ 1839ರ ಬಾಸ್ಟನ್ ಪತ್ರಿಕೆಯಲ್ಲಿದೆ. ಮರುವರ್ಷದ ಚುನಾವಣೆಯಲ್ಲಿ 'ಓಲ್ಡ್ ಕಿಂಡರ್‌ಹುಕ್' ಎಂಬ ಅಡ್ಡಹೆಸರಿನ ಅಧ್ಯಕ್ಷ ವಾನ್ ಬ್ಯೂರೆನ್ನರ ಬೆಂಬಲಿಗರು ಅದನ್ನೇ ಘೋಷಣೆಯಾಗಿಸಿಕೊಂಡರು. ವಾನ್ ಬ್ಯೂರೆನ್ನರು ಸೋತರು, ಘೋಷಣೆ ಗೆದ್ದಿತು. ನೂರಾರು ಹಳದಿ ಹಾಳೆಗಳನ್ನು ತಿರುವಿ ಒಂದು ಪದದ ಜನ್ಮಪತ್ರಿಕೆಯನ್ನು ಬರೆದ ಆ ತಾಳ್ಮೆಗೆ ನಮ್ಮ ನಮಸ್ಕಾರ ಸಲ್ಲುತ್ತದೆ. ವಾದಸ್ಪರ್ಧೆಯಲ್ಲಿ ಕೂಗುವ 'ಹಿಯರ್ ಹಿಯರ್' ಬಗ್ಗೆಯೂ ಒಂದು ಮಾತು: ಅದು 'ಇಲ್ಲಿ ಇಲ್ಲಿ' ಅಲ್ಲ. 'ಅವರ ಮಾತನ್ನು ಕೇಳಿರಿ' ಎಂಬ ಪಾರ್ಲಿಮೆಂಟಿನ ಕೂಗು ಮೊಟಕಾದದ್ದು. ಬರೆಯುವಾಗ ಅಕ್ಷರ ತಪ್ಪಬೇಡಿರಿ.

ಹಾಗಾದರೆ ಸ್ವಭಾವಸಿದ್ಧವಾದ, ಎಲ್ಲ ಮನುಷ್ಯರಿಗೂ ಸಮಾನವಾದ ಉದ್ಗಾರ ಒಂದೂ ಇಲ್ಲವೆ? ಒಂದಿದೆಯೆಂದು ಇತ್ತೀಚೆಗೆ ತಿಳಿದುಬಂದಿದೆ, ಮತ್ತು ಅದು ಹರ್ಷದ್ದೂ ಅಲ್ಲ, ಶೋಕದ್ದೂ ಅಲ್ಲ. ಎದುರಿನವರ ಮಾತು ಸರಿಯಾಗಿ ಕೇಳದಿದ್ದಾಗ ನಾವು 'ಆಂ?' ಎನ್ನುತ್ತೇವಲ್ಲವೆ, ಅದು. ನೆದರ್ಲೆಂಡ್ಸಿನ ನೈಮೇಗನ್ನಿನ ಸಂಶೋಧನ ಸಂಸ್ಥೆಯೊಂದರಲ್ಲಿದ್ದ ಡಿಂಗೆಮಾನ್ಸೆ, ಟೊರೈರಾ, ಎನ್‌ಫೀಲ್ಡ್ ಎಂಬ ಮೂವರು ದೂರದೂರದ 10 ಭಾಷೆಗಳ ಸಹಜ ಸಂಭಾಷಣೆಗಳನ್ನು ಕೇಳಿ, ಇನ್ನೂ 21 ಭಾಷೆಗಳ ವಿವರಗಳನ್ನು ಸೇರಿಸಿ, 2013ರಲ್ಲಿ ಇದನ್ನು ಪ್ರಕಟಿಸಿದರು. ಇಂಗ್ಲಿಷರ 'ಹಃ?', ಸ್ಪೇನಿನವರ 'ಎ?', ಎಲ್ಲವೂ ಒಂದೇ ಅಚ್ಚಿನವು: ಚಿಕ್ಕದು, ಒಂದೇ ಸ್ವರ, ಬಹುಮಟ್ಟಿಗೆ ಪ್ರಶ್ನೆಯ ಏರುದನಿ. ಐಸ್‌ಲೆಂಡಿನಲ್ಲಿ ದನಿ ಇಳಿಯುತ್ತದೆ, ಏಕೆಂದರೆ ಅಲ್ಲಿ ಪ್ರಶ್ನೆಗಳ ರಾಗವೇ ಬೇರೆ. ಆದ್ದರಿಂದ ಇದು ಸೀನಿನಂತೆ ಹುಟ್ಟಿನಿಂದ ಬಂದದ್ದಲ್ಲ, ಮಗು ಕಲಿತ ಮಾತೇ. ಒಂದೇ ಇಕ್ಕಟ್ಟಿನಲ್ಲಿ ಸಿಲುಕಿದ ಎಲ್ಲ ಭಾಷೆಗಳೂ ಒಂದೇ ಪರಿಹಾರಕ್ಕೆ ಬಂದು ಮುಟ್ಟಿವೆಯೆಂದು ಅವರ ಮತ. ಈ ಶೋಧಕ್ಕೆ 2015ರಲ್ಲಿ, ಮೊದಲು ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂದಿತು. 'ಆಂ ಅನ್ನಬೇಡ, ಪಾರ್ಡನ್ ಅನ್ನು' ಎಂದು ಮಕ್ಕಳನ್ನು ಗದರುವವರು ವಿನಯವನ್ನು ಕಲಿಸಲಿ, ಸಂತೋಷ. ಆದರೆ 'ಆಂ' ಎಂಬುದು ಹಳ್ಳಿಗಾಡಿನ ಒರಟುತನವೆಂದು ಹೇಳದಿರಲಿ.

ಈ ಎಲ್ಲ ಪುರಾಣವನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ಈ ನಗರದಲ್ಲಿ ನಮ್ಮ ಮಕ್ಕಳು ರೈಲಿನಲ್ಲಿ, ಆಟದ ಬಯಲಿನಲ್ಲಿ, ಕಾಲೇಜು ಸೇರಿದ ಮೇಲೆ ಇನ್ನೂ ಹೆಚ್ಚಾಗಿ, 'ಅಯ್ಯೋ' ಎಂದೊಡನೆ ಗುರುತಿಸಲ್ಪಡುತ್ತಾರೆ. ಸುತ್ತಲಿನವರು ನಗುತ್ತಾರೆ, ಚಲಚ್ಚಿತ್ರಗಳಲ್ಲಿ 'ಐಯಯ್ಯೋ' ಎಂದು ಎಳೆದು ಹೇಳಿಸಿ ದಕ್ಷಿಣದವರನ್ನು ವಿದೂಷಕರನ್ನಾಗಿ ಮಾಡಿದ್ದನ್ನೂ ನೋಡಿದ್ದೇವೆ. ಆ ನಗೆಗೆ ಅಂಜಿ ಕೆಲವರು 'ಅಯ್ಯೋ'ವನ್ನು ನುಂಗಿಕೊಂಡು 'ಔಚ್' ಎಂದು ಅಭ್ಯಾಸ ಮಾಡುತ್ತಾರೆ. ಬೆರಳು ಬಾಗಿಲಲ್ಲಿ ಸಿಕ್ಕಿದ ಕ್ಷಣದಲ್ಲಿಯೂ ಭಾಷೆಯನ್ನು ಆರಿಸಿಕೊಳ್ಳಬೇಕಾದ ಈ ಶಿಕ್ಷೆ ಮಕ್ಕಳಿಗೇಕೆ? 2016ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡಿನ ಮಹಾಕೋಶವು 'ಅಯ್ಯೋ'ವನ್ನು ಇಂಗ್ಲಿಷಿನ ಪದವೆಂದೇ ಸೇರಿಸಿಕೊಂಡಿತು. ನಗುವವರಿಗೆ ಇದನ್ನು ತಿಳಿಸಬಹುದು, ತಿಳಿಸದಿದ್ದರೂ ನಷ್ಟವಿಲ್ಲ.

ಆದರೆ ಈ ಮನ್ನಣೆಯಿಂದ ನಾವು ಅತಿಯಾಗಿ ಹಿಗ್ಗುವವರಲ್ಲ. ನಗರದ ಅನೇಕ ಕನ್ನಡ ಮನೆಗಳಲ್ಲಿ ಮೂರನೆಯ ತಲೆಮಾರಿನ ಸ್ಥಿತಿಯನ್ನು ಬಲ್ಲವರಿಗೆ ನಮ್ಮ ಆತಂಕ ತಿಳಿದೀತು. ಅಲ್ಲಿ ಮೊದಲು ಕನ್ನಡದ ಓದುಬರಹ ಹೋಗುತ್ತದೆ, ಅನಂತರ ಕಥೆ ಹೋಗುತ್ತದೆ, ಅನಂತರ ವಾಕ್ಯ ಹೋಗುತ್ತದೆ. ಕೊನೆಗೆ 'ಅಯ್ಯೋ', 'ಥೂ', 'ಅಮ್ಮಾ' ಮಾತ್ರ ಉಳಿಯುತ್ತವೆ. 'ಅಯ್ಯೋ' ಎಂದು ಕನ್ನಡದಲ್ಲಿ ಆರಂಭಿಸಿ ಮುಂದಿನದನ್ನೆಲ್ಲ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮುಗಿಸುವ ಹುಡುಗನನ್ನು ನಿಮ್ಮ ನೆಂಟರಲ್ಲಿಯೇ ನೀವು ಕಂಡಿರಬಹುದು. ಉದ್ಗಾರ ವಾಕ್ಯದ ಹೊರಗೆ ನಿಲ್ಲುವ ಪದವೆಂದು ವ್ಯಾಕರಣ ಹೇಳುತ್ತದೆ. ಅದು ಒಳಗಿನವರೆಲ್ಲ ಮನೆ ಖಾಲಿ ಮಾಡಿದ ಮೇಲೂ ಜಗುಲಿಯಲ್ಲಿ ಕುಳಿತಿರಬಲ್ಲುದು. ಆದುದರಿಂದ 'ಅಯ್ಯೋ'ವನ್ನು ಉಳಿಸಿರೆಂದು ನಾವು ಕೇಳುವುದಿಲ್ಲ. ಅದು ತಾನೇ ಉಳಿಯುತ್ತದೆ. 'ಅಯ್ಯೋ' ಎಂದ ಮೇಲೆ ಏನಾಯಿತೆಂಬುದನ್ನೂ ಕನ್ನಡದಲ್ಲಿಯೇ ಹೇಳಿರೆಂದು ಕೇಳುತ್ತೇವೆ.

ಇಂಗ್ಲಿಷ್ ಉದ್ಗಾರಗಳನ್ನು ಬಹಿಷ್ಕರಿಸಬೇಕೆಂಬ ಮಿತ್ರರ ವಾದವೂ ನಮಗೆ ಒಪ್ಪಿಗೆಯಿಲ್ಲ. ಶಹಬ್ಬಾಸನ್ನು ಒಳಗೆ ಬಿಟ್ಟುಕೊಂಡ ಮನೆ ಹಲೋವನ್ನು ಹೊರಗೆ ನಿಲ್ಲಿಸುವುದು ಹೇಗೆ? ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ. ಅದರ ಉದ್ಗಾರಗಳನ್ನು ಮಾತ್ರ ಪುಸ್ತಕದಿಂದ ಕಲಿಯದೆ ಕಿವಿಯಿಂದ, ಎಲ್ಲಕ್ಕಿಂತ ಕಡೆಗೆ ಕಲಿಯಿರಿ. ಪ್ರಬಂಧದಲ್ಲಿ 'ಅಲಾಸ್' ಬರೆಯುವ ಮುನ್ನ ಎರಡು ಸಲ ಯೋಚಿಸಿರಿ.

ಮುಂದಿನ ವರ್ಷದ ಸಂಚಿಕೆಗಾಗಿ ಒಂದು ಕೆಲಸವನ್ನು ಈಗಲೇ ಒಪ್ಪಿಸುತ್ತಿದ್ದೇವೆ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ, ಅಜ್ಜ, ಸೋದರತ್ತೆ ಮುಂತಾದವರು ಬೆರಗಾದಾಗ, ಬೇಸತ್ತಾಗ, ಎಡವಿದಾಗ, ಬಹುಕಾಲದ ಮೇಲೆ ನಿಮ್ಮನ್ನು ಬಾಗಿಲಲ್ಲಿ ಕಂಡಾಗ ಏನೆನ್ನುತ್ತಾರೆಂಬುದನ್ನು ಕೇಳಿದಂತೆಯೇ ಬರೆದುಕೊಳ್ಳಿರಿ. ವಿಜಾಪುರದ ಕಡೆಯದು ಒಂದು ತೆರ, ಕುಂದಾಪುರದ್ದು ಇನ್ನೊಂದು. ತುಳು ಮನೆಗಳಲ್ಲಿ 'ಅಯ್ಯೋ ದೇವೆರೇ' ಕೇಳಬಂದೀತು. ಊರಿನ ಹೆಸರು, ಹೇಳಿದವರ ವಯಸ್ಸು, ಸಂದರ್ಭ ಇವಿಷ್ಟನ್ನೂ ಜೊತೆಗೆ ಬರೆಯಿರಿ. ಬೈಗುಳಗಳನ್ನು ಪ್ರತ್ಯೇಕ ಕಾಗದದಲ್ಲಿ ಬರೆದು ಮಡಚಿ ಕೊಡಿರಿ. ಅಚ್ಚು ಹಾಕುವುದಿಲ್ಲ, ಆದರೆ ಓದುತ್ತೇವೆ.